ನಿಶ್ಚಿತಾರ್ಥ ಮುರಿದ ತಾಯಿ

ಸೊರಬದಲ್ಲಿ ನಮ್ಮ ಪಕ್ಕದ ಮನೆಯಾಕೆ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಬೀಸಿದ ಮೇಲೆ ಯಂತ್ರದ ಬಾಯಿಗೆ ಪಟಪಟ ಬಡಿದು, ಅಂಟಿಕೊಂಡ ಕೊನೆಯ ಹಿಡಿ ಹಿಟ್ಟನ್ನೂ ನಮ್ಮ ಡಬ್ಬಿಗೇ ಉದುರಿಸುತ್ತಿದ್ದರು. "ಇನ್ನೊಬ್ಬರದ್ದು ನಮಗೆ ಅರಗಲ್ಲ ಮಾರಾಯ್ತಿ" ಅನ್ನುವುದು ಅವರ ಮಾತು. ದೇವರ ಮುಂದೆ ಕೈಮುಗಿದಾಗಲೂ ಏನನ್ನೂ ಬೇಡುತ್ತಿರಲಿಲ್ಲವಂತೆ.

ಹೋದ ವರ್ಷ ಅವರ ಮಗನ ನಿಶ್ಚಿತಾರ್ಥಕ್ಕೆಂದು ಶಿಕಾರಿಪುರಕ್ಕೆ ಹೋಗಿದ್ದೆವು. ತಾಂಬೂಲ ಬದಲಿಸುವ ಮುಂಚೆ ಹುಡುಗಿಯ ಅಪ್ಪ ಅಕ್ಕನ ಬಳಿ ಬಂದು ಮೆಲ್ಲಗೆ, "ನಿಮ್ಮ ಹುಡುಗ ಕೇಳಿದ ಕಾರೇ ಬುಕ್ ಮಾಡೀವ್ರಿ ಅಕ್ಕಾರೆ. ಗದ್ದೆ ಮಾರಿದ್ವಿ, ಚಿಂತಿಲ್ಲ" ಎಂದರು.

ಅಕ್ಕ ಮಗನತ್ತ ತಿರುಗಿದರು. "ನೀನು ಕೇಳಿದ್ಯಾ?"

"ಎಲ್ರೂ ಕೇಳ್ತಾರಮ್ಮ, ಸುಮ್ನಿರು," ಅವನು ಹಲ್ಲು ಕಚ್ಚಿ ಪಿಸುಗುಟ್ಟಿದ. "ಕೊಡದಿದ್ರೆ ಮುಂದೆ ಅವಳೇ ಅನುಭವಿಸ್ತಾಳೆ."

ಪಕ್ಕದಲ್ಲಿದ್ದ ನನಗೂ ಅದು ಕೇಳಿಸಿತು. ನಾವು ಎತ್ತಿ ಆಡಿಸಿದ ಹುಡುಗ ಅವನು!

ಅಕ್ಕ ಎದ್ದು ನಿಂತು ಎಲ್ಲರಿಗೂ ಕೇಳುವಂತೆ, "ನಿಮ್ಮ ಮಗಳನ್ನ ನಮ್ಮ ಮನೆಗೆ ಕೊಡಬೇಡಿ" ಎಂದರು. ಹುಡುಗಿಯ ಅಪ್ಪ ಕೈಮುಗಿದು, "ಕುಂದರ್ರಿ ಅಕ್ಕಾರೆ, ನಮ್ಮ ಮರ್ಯಾದಿ ಹೋಗ್ತದ" ಎಂದು ಅಳತೊಡಗಿದರು. ಅಕ್ಕ ಕೂರಲಿಲ್ಲ. ಹುಡುಗಿಯ ತಲೆ ಸವರಿ ಹೊರಗೆ ನಡೆದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಕ್ಕನ ಪಕ್ಕ ಕೂತೆ. "ಹೆತ್ತ ಮಗನ ಮದುವೆ ಮುರಿದ್ರಲ್ಲ, ಹೊಟ್ಟೆ ಉರಿಯಲ್ವಾ ಅಕ್ಕಾ?" ಎಂದೆ.

"ಉರೀತದೆ," ಎಂದರು. "ನನ್ನ ಹೊಟ್ಟೆ ಉರೀಲಿ ಬಿಡು. ಆ ಹುಡುಗಿ ಉರಿಯೋದು ಬೇಡ."