ಓದಿ ತೋರಿಸಿ ಬಾ ಎಂದ ಅಕ್ಕೋರು

ಊರಿನ ಉಳಿದ ಹೆಂಗಸರು ಅಬ್ಬಲಿಗೆ ಮುಡಿಯುವ ಜಾಗದಲ್ಲಿ ನಮ್ಮ ಅಕ್ಕೋರು ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದರು. ಎರಡೂ ತುದಿ ಹೆರೆದ ಮೋಟು ಪೆನ್ಸಿಲ್. ನರೆಗೂದಲಿನ ಸಣ್ಣ ತುರುಬಿನಲ್ಲಿ ಅದು ಅಡ್ಡಡ್ಡ ಕೂತಿರುತ್ತಿತ್ತು. ನಮ್ಮ ಕಥೆ ಓದುತ್ತ ಓದುತ್ತ ಅವರ ಕೈ ತಲೆಯ ಹಿಂದಕ್ಕೆ ಹೋಯಿತೆಂದರೆ ನಾವು ಬೆಂಚಿನ ಅಂಚಿಗೆ ಸರಿಯುತ್ತಿದ್ದೆವು. ಪೆನ್ಸಿಲ್ ಹೊರಗೆ ಬಂದರೆ ಆ ಕಥೆ ಆ ವಾರ ಅಂಚೆಗೆ ಹೋಗುವುದಿಲ್ಲವೆಂದೇ ಲೆಕ್ಕ.

ಭಟ್ಕಳದ ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು ಅವರು. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತೇವೆ, ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಇಲ್ಲ. ಶಿರಾಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಜಿಲ್ಲೆಯಲ್ಲಿ ಎಲ್ಲಿ ಮಕ್ಕಳ ಕಥಾ ಸ್ಪರ್ಧೆ ನಡೆದರೂ ಅವರಿಗೆ ಗೊತ್ತಾಗಿಬಿಡುತ್ತಿತ್ತು, ಮರುದಿನವೇ ಕಪ್ಪುಹಲಗೆಯ ಮೂಲೆಯಲ್ಲಿ ಕೊನೆಯ ದಿನಾಂಕ ಬರೆದಿರುತ್ತಿದ್ದರು. ಇಷ್ಟು ಉತ್ಸಾಹವಿದ್ದವರು ನಮ್ಮನ್ನು ಗೆಲ್ಲಿಸಬೇಕಾಗಿತ್ತಲ್ಲ? ಅದೊಂದನ್ನು ಮಾತ್ರ ಅವರು ಮಾಡಲಿಲ್ಲ.

ಕಾರಣ ಅವರ ಒಂದು ಹಟ. ಯಾರ ಬಗ್ಗೆ ಬರೆದಿದ್ದೇವೋ ಅವರೆದುರು ಕೂತು ಕಥೆಯನ್ನು ಪೂರ್ತಿ ಓದಬೇಕು. ಅವರು ಒಪ್ಪಿದ ಮೇಲೆಯೇ ಲಕೋಟೆ. "ಓದಿ ತೋರಿಸಿ ಬಾ" ಎನ್ನುವುದು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು. ಚೆನ್ನಾಗಿದೆ ಎಂದು ಅವರು ಯಾರಿಗೂ ಹೇಳಿದವರಲ್ಲ. ತೀರ ಮೆಚ್ಚಿಗೆಯಾದರೆ "ಆತು" ಎನ್ನುತ್ತಿದ್ದರು, ಅಷ್ಟೆ. ಮೂರು ವರ್ಷದಲ್ಲಿ ನಾನು ಆ ಎರಡಕ್ಷರವನ್ನು ಎರಡು ಸಲ ಕೇಳಿರಬಹುದು.

ಈ ಹಟದಿಂದ ಆದ ಅನಾಹುತ ಒಂದೆರಡಲ್ಲ. ಪಕ್ಕದ ಜಾಲಿ ಊರಿನ ಗೆಳತಿಯೊಬ್ಬಳು ತನ್ನ ಅಜ್ಜಿಯ ಮೇಲೆ ಚಂದದ ಕಥೆ ಬರೆದಿದ್ದಳು. ಅಜ್ಜಿಗೆ ಕನ್ನಡ ಬಾರದು. ಮನೆಮಾತಾದ ನವಾಯತಿಯಲ್ಲಿ ಹೇಳಿ ತೋರಿಸು ಎಂದರು ಅಕ್ಕೋರು. ಹೇಳಿ ತೋರಿಸಿದಳು. ಅಜ್ಜಿಗೆ ಖುಷಿಯಾಗಿ ತನ್ನ ಮದುವೆ, ಮದುವೆಯ ಜಗಳ, ಜಗಳವಾಡಿದ ನಾದಿನಿಯರು ಎಲ್ಲವನ್ನೂ ಕಥೆಗೆ ಸೇರಿಸಲು ಹಚ್ಚಿದಳು. ಆರು ಪುಟ ಮೀರಬಾರದು ಎಂಬ ನಿಯಮವಿದ್ದ ಸ್ಪರ್ಧೆಗೆ ಇಪ್ಪತ್ತೆರಡು ಪುಟದ ಕಥೆ ಹೋಯಿತು, ಹೋದ ವೇಗದಲ್ಲೇ ಹಿಂದೆ ಬಂತು. ಅಕ್ಕೋರಿಗೆ ಚೂರೂ ಬೇಸರವಿಲ್ಲ. ಅಜ್ಜಿ ಇಷ್ಟು ಮಾತಾಡಿದ್ದು ಸಾಲದೇ ಎಂದು ಕೇಳಿದರಂತೆ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಕುಮಟೆಯಲ್ಲಿ ದೊಡ್ಡ ಸ್ಪರ್ಧೆಯೊಂದಿತ್ತು. ಅದರ ಬಹುಮಾನ ನನಗೆ ಬೇಕೇ ಬೇಕಾಗಿತ್ತು. ಗೆದ್ದ ಕಥೆಗಳನ್ನೆಲ್ಲ ಓದಿ ನಾನು ಒಂದು ಗುಟ್ಟು ಕಂಡುಹಿಡಿದಿದ್ದೆ: ಯಾರಾದರೂ ಸಾಯಬೇಕು. ನಮ್ಮಪ್ಪ ನಮ್ಮೂರು ಮುಟ್ಟಳ್ಳಿಯಲ್ಲಿ ಮನೆ ಮನೆಗೆ ಹೋಗಿ ತೆಂಗಿನಕಾಯಿ ಕೊಯ್ಯುವವನು. ಅವನನ್ನೇ ಸಾಯಿಸಿದೆ. ಸೊಂಟಕ್ಕೆ ಕಟ್ಟಿದ ಹಗ್ಗದ ಬಳ್ಳಿ ತುಂಡಾಗಿ ಮರದ ತುದಿಯಿಂದ ಬಿದ್ದ ಅಪ್ಪ, ಮಗಳ ಹೆಸರು ಕರೆಯುತ್ತ ಕಣ್ಣು ಮುಚ್ಚುತ್ತಾನೆ. ಮಗಳು ಚಿತೆಯ ಎದುರು ನಿಂತು ಓದಿ ದೊಡ್ಡವಳಾಗುವ ಪ್ರತಿಜ್ಞೆ ಮಾಡುತ್ತಾಳೆ. ಬರೆದು ಮುಗಿಸಿ ನಾನೇ ಗಳಗಳ ಅತ್ತಿದ್ದೆ.

ಅಕ್ಕೋರು ಓದಿದರು. ಪೆನ್ಸಿಲ್ ಹೊರಗೆ ಬರಲಿಲ್ಲ. ಗೆದ್ದೆ ಅಂದುಕೊಂಡೆ.

"ಅಪ್ಪಂಗೆ ಓದಿ ತೋರಿಸಿ ಬಾ."

ಇದೊಂದು ಸಲ ಬಿಟ್ಟುಬಿಡಿ ಅಕ್ಕೋರೆ ಎಂದು ಗೋಗರೆದೆ. ಅವರು ಆಗಲೇ ಮುಂದಿನವಳ ಪುಸ್ತಕ ತೆರೆದಾಗಿತ್ತು.

ಗುರುವಾರ ಸಂಜೆ ಅಪ್ಪ ಜಗಲಿಯಲ್ಲಿ ಕೂತು ಕತ್ತಿ ಮಸೆಯುತ್ತಿದ್ದ. ನಾನು ಗೋಡೆಯ ಕಡೆ ಮುಖ ಮಾಡಿ ಒಂದೇ ಉಸಿರಿಗೆ ಓದಿದೆ. ಮಸೆಯುವ ಸದ್ದು ಯಾವಾಗ ನಿಂತಿತೋ ತಿಳಿಯಲಿಲ್ಲ.

"ಸೊಂಟಕ್ಕೆ ನಾವು ಬಳ್ಳಿ ಕಟ್ಟೂದಿಲ್ಲ ಮಗಾ," ಎಂದ ಅಪ್ಪ. "ಕಾಲಿಗೆ ಮಾತ್ರ." ಕತ್ತಿ ಕೆಳಗಿಟ್ಟು, "ಬೀಳೂದು ಬಳ್ಳಿ ತುಂಡಾಗಿ ಅಲ್ಲ. ಒಣಗಿದ ಮಡಲು ಹಿಡಿದ್ರೆ ಅದು ಕೈಗೇ ಬಂದುಬಿಡ್ತದೆ. ಹಾಂಗೆ ಬೀಳೂದು" ಎಂದ. ಇಷ್ಟು ವಿವರವಾಗಿ ಅವನು ಅದನ್ನು ಯೋಚಿಸಿಟ್ಟಿದ್ದಾನೆಂದು ನನಗೆ ಗೊತ್ತೇ ಇರಲಿಲ್ಲ.

ಮರುದಿನ ಅವನು ಕೆಲಸಕ್ಕೆ ಹೋಗಲಿಲ್ಲ. ಹೊಟ್ಟೆ ಸರಿ ಇಲ್ಲ ಎಂದ. ಶನಿವಾರ ಒಬ್ಬರ ಮನೆಗೆ ಹೋಗಿ, ಮರದ ಬುಡದಲ್ಲಿ ಕಾಲಿಗೆ ಬಳ್ಳಿ ಹಾಕಿಕೊಂಡು, ಮೇಲೆ ನೋಡಿ, ಬಳ್ಳಿ ಬಿಚ್ಚಿ ವಾಪಸು ಬಂದನಂತೆ. ಅಪ್ಪ ಮರ ಹತ್ತದಿದ್ದರೆ ನಮ್ಮ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅಮ್ಮ ಗದ್ದೆ ಕೆಲಸ ಅರ್ಧಕ್ಕೆ ಬಿಟ್ಟು, ಕೆಸರುಗಾಲಿನಲ್ಲೇ ಶಾಲೆಗೆ ಬಂದಳು.

"ನೀ ಸತ್ತೆ ಅಂತ ಹೆತ್ತ ಮಗಳೇ ಓದಿ ಹೇಳಿದ ಮೇಲೆ ಯಾರು ಮರ ಹತ್ತೂಕೆ ಹೋಗ್ತ್ರು ಅಕ್ಕೋರೆ?" ಎಂದು ಇಡೀ ವರಾಂಡಕ್ಕೆ ಕೇಳುವಂತೆ ಕೇಳಿದಳು. ನಾನು ಕಂಬದ ಹಿಂದೆ ಅಡಗಿದ್ದೆ. ಅಕ್ಕೋರು ಅಮ್ಮನಿಗೆ ಕುಡಿಯಲು ನೀರು ಕೊಟ್ಟರು, ಎಲ್ಲ ಕೇಳಿಸಿಕೊಂಡರು. ತಪ್ಪಾಯಿತು ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಆ ಸಿಟ್ಟನ್ನು ನಾನು ವರ್ಷಗಟ್ಟಲೆ ಇಟ್ಟುಕೊಂಡಿದ್ದೆ.

ಅಮ್ಮ ಹೋದ ಮೇಲೆ ನಾನು ಅಳುತ್ತ, ಹೀಗೆ ಓದಿಸದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ ಎಂದೆ. ಅದಕ್ಕೆ ಅವರು, "ನೀ ಗೆದ್ದಿದ್ರೆ ಕಥೆ ಪೇಪರಲ್ಲಿ ಬರ್ತಿತ್ತು. ಆಗ ಅಪ್ಪ ಅದನ್ನ ಅಂಗಡಿಯಲ್ಲಿ ಯಾರದೋ ಬಾಯಲ್ಲಿ ಕೇಳ್ತಿದ್ದ. ಅದು ಬೇಕಿತ್ತ ನಿಂಗೆ?" ಎಂದರು.

ಭಾನುವಾರ ಅಮ್ಮ ಸಿಟ್ಟಿನಲ್ಲೇ ನನ್ನನ್ನು ಕರೆದುಕೊಂಡು ಹೊನ್ನಾವರದ ದೊಡ್ಡಮ್ಮನ ಮನೆಗೆ ಹೋಗಿಬಿಟ್ಟಳು. ಸೋಮವಾರ ನಾವು ಬರುವಾಗ ಅಪ್ಪ ಕೆಲಸಕ್ಕೆ ಹೋಗಿಯಾಗಿತ್ತು. ಹೆದರಿಕೆ ತಾನಾಗಿ ಬಿಟ್ಟಿರಬೇಕು ಅಂದುಕೊಂಡೆವು. ಕಥೆಯನ್ನು ತಿದ್ದಿದೆ, ಅಪ್ಪನನ್ನು ಮರದಿಂದ ಇಳಿಸಿದೆ, ಅವನಿಗೆ ಮತ್ತೆ ಮತ್ತೆ ಓದಿದೆ. ಅವನು ಪ್ರತಿ ಸಲ ಒಂದು ತಪ್ಪು ಹಿಡಿಯುತ್ತಿದ್ದ. ಅಷ್ಟರಲ್ಲಿ ಕೊನೆಯ ದಿನಾಂಕ ದಾಟಿತು. ನನ್ನ ಕಥೆ ಕುಮಟೆಗೆ ಹೋಗಲೇ ಇಲ್ಲ. ಇಷ್ಟಾದರೂ ಅಕ್ಕೋರು ಬಹುಮಾನ ವಿತರಣೆ ನೋಡಲು ನಮ್ಮನ್ನೆಲ್ಲ ಬಸ್ಸಿನಲ್ಲಿ ಕರೆದೊಯ್ದರು. ಗೆದ್ದ ಹುಡುಗಿ ತಾಯಿಯನ್ನು ಹಾವಿನಿಂದ ಕಚ್ಚಿಸಿ ಕೊಂದಿದ್ದಳು. ಆ ತಾಯಿ ಮೊದಲ ಸಾಲಿನಲ್ಲೇ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಅಕ್ಕೋರೂ ತಟ್ಟಿದರು. ನಾನು ಕೈ ಕಟ್ಟಿಕೊಂಡು ಕೂತಿದ್ದೆ.

ಈಗ ನಾನೇ ಹೊನ್ನಾವರದಲ್ಲಿ ಕನ್ನಡದ ಅಕ್ಕೋರು. ಅವರು ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದಾಗ ಮೇಜಿನ ಮೇಲೆ ಮಕ್ಕಳ ಸ್ಪರ್ಧೆಯ ಕಥೆಗಳ ಕಟ್ಟಿತ್ತು. ಆವರೆಗೆ ಓದಿದ ಹತ್ತು ಕಥೆಗಳಲ್ಲಿ ಏಳು ಮಂದಿ ಅಮ್ಮಂದಿರು ಸತ್ತಿದ್ದರು. ಎಂಟನೆಯವಳು ಆಸ್ಪತ್ರೆಯಲ್ಲಿದ್ದಳು. ಫೋನ್ ಇಟ್ಟು ನಾನು ಆ ಮಕ್ಕಳಿಗೆಲ್ಲ ಮನಸ್ಸಿನಲ್ಲೇ ಬೈದೆ, ಆಮೇಲೆ ಅತ್ತೆ.

ಹಳೆ ವಿದ್ಯಾರ್ಥಿಗಳು ಅಕ್ಕೋರ ನೆನಪಿಗೆ ಸಂಚಿಕೆ ತರುತ್ತೇವೆ, ನೀನೂ ಬರೆ ಎಂದರು. ಇಲ್ಲಿಯವರೆಗಿನದನ್ನು ಎರಡು ದಿನದಲ್ಲಿ ಬರೆದೆ. ಆಮೇಲೆ ಕೈ ಕಟ್ಟಿಹೋಯಿತು. ಓದಿ ತೋರಿಸಬೇಕಾದವರೇ ಇಲ್ಲ. ಸುಮ್ಮನೆ ಕಳಿಸಿಬಿಡೋಣ ಎಂದರೆ ಮನಸ್ಸು ಒಪ್ಪದು. ಸತ್ತ ಮೇಲೂ ಪೀಡಿಸುವ ಹೆಂಗಸು ಎಂದು ಗೊಣಗಿಕೊಂಡು, ಅವರನ್ನು ಬಲ್ಲ ಇನ್ನೊಬ್ಬರಿಗಾದರೂ ಓದೋಣವೆಂದು ಮುಟ್ಟಳ್ಳಿಗೆ ಬಸ್ಸು ಹತ್ತಿದೆ. ಅಪ್ಪ ಈಗ ಮರ ಹತ್ತುವುದಿಲ್ಲ, ಆದರೆ ತಪ್ಪು ಹಿಡಿಯುವುದನ್ನು ಬಿಟ್ಟಿಲ್ಲ. ಪೂರ್ತಿ ಕೇಳಿ, ಒಂದು ಕಡೆ ತಪ್ಪಿದೆ ಎಂದ.

"ಹೆದರಿಕೆ ತಾನಾಗಿ ಬಿಡಲಿಲ್ಲ. ಆ ಭಾನುವಾರ ಅಕ್ಕೋರು ಬಂದ್ರು. ನಮ್ಮನೆ ಕಾಯಿ ಕೊಯ್ದು ಕೊಡು ಅಂತ ಶಿರಾಲಿಗೆ ಕರ್ಕಂಡು ಹೋದ್ರು. ನಾ ಹತ್ತೂದಿಲ್ಲ ಅಂದೆ. ಅವ್ರು ಹೋಗಿ ಮರದ ಬುಡ ಎರಡೂ ಕೈಯಲ್ಲಿ ಹಿಡ್ಕಂಡು ನಿಂತ್ರು."

ಅಪ್ಪ ಸ್ವಲ್ಪ ನಕ್ಕ. "ಅವ್ರು ಹಿಡ್ದ್ರೆ ಎಂತ ಆಗ್ತದೆ ಮಗಾ, ತೆಂಗಿನ ಮರ ಅದು. ಆದ್ರೂ ನಾ ಹತ್ತಿ ಇಳಿವವರೆಗೂ ಬಿಡಲಿಲ್ಲ. ಇಳಿದ ಮೇಲೆ ಕೈ ಧೂಳು ಸೆರಗಿಗೆ ಒರೆಸ್ಕಂಡ್ರು. 'ಆತು' ಅಂದ್ರು."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಅಪ್ಪನ ಮೇಲೆ ರೇಗಿದೆ. ಮಗಳಿಗೆ ಹೇಳುವುದು ಬೇಡ ಎಂದು ಅಕ್ಕೋರೇ ಹೇಳಿದ್ದರಂತೆ. ನಾನು ಅವರ ಮೇಲೆ ಹಲ್ಲು ಕಡಿಯುತ್ತಿದ್ದುದು ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ಕಡಿಯಲು ಬಿಟ್ಟಿದ್ದರು. ಈಗ ಹೋಗಿ ಜಗಳ ಆಡೋಣವೆಂದರೆ ಅವರಿಲ್ಲ.

ಮನೆಗೆ ಬಂದು ಈ ಕೊನೆಯ ಭಾಗ ಸೇರಿಸಿದೆ. ಮತ್ತೆ ಮುಟ್ಟಳ್ಳಿಗೆ ಹೋಗಿ ಅಪ್ಪನಿಗೆ ಓದಿದೆ. ಅವನು ಇನ್ನೆರಡು ತಪ್ಪು ಹಿಡಿದ, ತಿದ್ದಿದೆ. ಸಂಚಿಕೆಗೆ ಕೊಡಬೇಕಾದ ದಿನ ದಾಟಿ ಇವತ್ತಿಗೆ ಐದು ದಿನವಾಯಿತು.