ತ್ಯಾಂಪಣ್ಣ ರೈಗಳ ನಾಲ್ಕನೇ ರೀಲು

ಕುಂಬ್ರದ ಟೆಂಟ್ ಟಾಕೀಸಿನಲ್ಲಿ ಎಂಟು ವರ್ಷ ಹೆಂಗಸರ ಗೇಟಿಗೆ ನಿಂತು ಟಿಕೆಟ್ ಹರಿದವಳು ನಾನು, ಸೀತು. ಆ ಟೆಂಟಿನ ಮಾತೆತ್ತಿದವರೆಲ್ಲ ಈಗ ಅಲ್ಲಿಯ ನೆಲಗಡಲೆಯ ರುಚಿ ಹೊಗಳುತ್ತಾರೆ. ತ್ಯಾಂಪಣ್ಣ ರೈಗಳ ನೆನಪು ಬಂದರೆ "ಮೈಕಿನ ರೈಗಳಾ, ಭಾರೀ ತಮಾಷೆಯವರು" ಎಂದು ನಗುತ್ತಾರೆ. ತಮಾಷೆಯಂತೆ. ಅವರ ಪಕ್ಕದಲ್ಲಿ ಒಂದು ಸಂಜೆ ಉಸಿರು ಬಿಗಿಹಿಡಿದು ನಿಂತಿದ್ದ ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ.

ರೈಗಳು ಕೆದಂಬಾಡಿಯವರು. ಸಣ್ಣ ಪ್ರಾಯದಲ್ಲಿ ಮುಂಬಯಿಗೆ ಹೋಗಿ, ಕ್ಯಾಂಟೀನಿನಲ್ಲಿ ದುಡಿಯುತ್ತ ರಾತ್ರಿ ಶಾಲೆಯಲ್ಲಿ ಇಂಗ್ಲಿಷ್ ಕಲಿತು ಬಂದಿದ್ದರು. ಊರಿಗೆ ಬಂದ ಮೇಲೆ ತಾಳಮದ್ದಳೆಯಲ್ಲಿ ಅರ್ಥ ಹೇಳುವ ಹುಚ್ಚು ಹಿಡಿಯಿತು. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಪಾತ್ರವಾಗಿ ಎದುರಾಳಿಯೊಡನೆ ವಾದ ಮಾಡಬೇಕು. ರೈಗಳ ವಾದ ಒಳ್ಳೆಯದೇ, ಆದರೆ ನಿಲ್ಲುತ್ತಿರಲಿಲ್ಲ. ಒಂದು ಕೂಟದಲ್ಲಿ ಅವರು ಮಾತು ಮುಗಿಸುವಾಗ ಎದುರಿಗೆ ಉಳಿದದ್ದು ಖಾಲಿ ಚಾಪೆ. ಆಮೇಲೆ ಯಾರೂ ಕರೆಯಲಿಲ್ಲ.

ಕರೆದವರು ಟೆಂಟಿನ ಧಣಿ, ಮರ್ಕಂಜದ ಅಚ್ಚುತ ಗೌಡರು. ಇಂಗ್ಲಿಷ್ ಸಿನಿಮಾ ಹಾಕಿದರೆ ಜನರಿಗೆ ಒಂದಕ್ಷರ ಅರ್ಥವಾಗುವುದಿಲ್ಲ. ಆದ್ದರಿಂದ ಪರದೆಯ ಪಕ್ಕ ಒಂದು ಸ್ಟೂಲು, ಒಂದು ಮೈಕು. ಆಪರೇಟರ್ ಅಬ್ದುಲ್ ರಹ್ಮಾನ್ ಸಿನಿಮಾದ ಸದ್ದು ತಗ್ಗಿಸುತ್ತಿದ್ದ, ರೈಗಳು ಕಥೆ ಹೇಳುತ್ತಿದ್ದರು. ಅರ್ಧ ತುಳು, ಅರ್ಧ ಕನ್ನಡ. ಮೊದಲೇ ಮಂಗಳೂರಿಗೆ ಹೋಗಿ ಸಿನಿಮಾ ನೋಡಿ, ಕಥೆಯನ್ನು ಪುಸ್ತಕದಲ್ಲಿ ಬರೆದುಕೊಂಡು ಬರುತ್ತಿದ್ದರು. ಗದ್ದೆಯಲ್ಲಿ ಕುಳಿತ ಐನೂರು ಜನ ಬಾಯಿ ಬಿಟ್ಟು ಕೇಳುತ್ತಿದ್ದರು. ಆ ಸ್ಟೂಲು ಸಿಕ್ಕಿದ ಮೇಲೆ ರೈಗಳ ನಡಿಗೆಯೇ ಬದಲಾಗಿತ್ತು.

ಎಪ್ಪತ್ತೇಳರ ಚಳಿಗಾಲದಲ್ಲಿ ಯಂತ್ರಮಾನವನ ಸಿನಿಮಾ ಬಂತು. ಮೂರು ಭಾಗದ ಕಥೆ, ಅದು ಮೊದಲನೆಯದು. ಅವನಿಗೆ ರೈಗಳು ಇಟ್ಟ ಹೆಸರು ತಗಡ. ಒಂದು ಮನೆಗೆ ಬೆಂಕಿ ಬೀಳುತ್ತದೆ. ತಗಡ ಒಳಗೆ ಹೋಗಿ, ಸತ್ತ ಮಗುವನ್ನು ಎತ್ತಿಕೊಂಡು ಹೊರಗೆ ಬರುತ್ತಾನೆ. ಆಮೇಲೆ ಅವನು ಮತ್ತು ಅವನನ್ನು ಮಾಡಿದ ವಿಜ್ಞಾನಿ ಮಾತಾಡುತ್ತಲೇ ಇರುತ್ತಾರೆ, ತಪ್ಪು ತಗಡನದಲ್ಲ ಎಂದು ತಿಳಿಯುವುದು ಆ ಮಾತಿನಲ್ಲೇ. ಜನ ಬೀಡಿ ಹಚ್ಚಿದರು, ಕೆಮ್ಮಿದರು, "ಪೆಟ್ಟು ಎಲ್ಲಿ ಮಾರಾಯ್ರೆ" ಎಂದು ಕೂಗಿದರು. ಖಾಲಿ ಚಾಪೆ ನೋಡಿದ್ದ ಮನುಷ್ಯನಿಗೆ ಅಷ್ಟು ಸಾಕಾಯಿತು. ರೈಗಳು ಪುಸ್ತಕ ಮುಚ್ಚಿ ಮೈಕಿನಲ್ಲಿ ಹೇಳಿದರು: "ಮಗುವನ್ನು ಕೊಂದದ್ದು ಇವನೇ. ಈಗ ನೋಡಿ, ಮಿಲಿಟರಿಯವರು ಬರುತ್ತಾರೆ." ಮಿಲಿಟರಿಯವರು ಬಂದರು, ತಗಡನಿಗೆ ಬಡಿದರು. ಟೆಂಟು ಹಾರಿಹೋಗುವಷ್ಟು ಶಿಳ್ಳೆ.

ಇದು ಅಲ್ಲಿಗೆ ಮುಗಿಯಬಹುದಾಗಿದ್ದ ಸುಳ್ಳು. ಮುಗಿಯಲಿಲ್ಲ. ಮರುವರ್ಷ ಕುಂಬ್ರದ ಅಕ್ಕಿ ಮಿಲ್ಲಿನಲ್ಲಿ, ಅಕ್ಕಿ ಮಾಡಿಸಲು ಬಂದಿದ್ದ ಅಮ್ಮುವಿನ ಐದು ವರ್ಷದ ಮಗಳ ಲಂಗ ಓಡುವ ಬೆಲ್ಟಿಗೆ ಸಿಕ್ಕಿಕೊಂಡಿತು. ಮಿಲ್ಲು ನಡೆಸುತ್ತಿದ್ದ ಮಾಯಿಲಪ್ಪ ಬರಿಗೈ ಹಾಕಿ ಬಿಡಿಸಿದ. ಅವನ ಎರಡು ಬೆರಳು ಹೋಯಿತು. ಮಗುವನ್ನು ಎತ್ತಿಕೊಂಡು ರಸ್ತೆಗೆ ಓಡಿಬಂದಾಗ ಮಗುವಿನ ಜೀವ ಹೋಗಿತ್ತು. ತಪ್ಪು ಅವನದಲ್ಲ ಎಂದು ಪೊಲೀಸರೂ ಬರೆದರು, ಅಮ್ಮುವೂ ಹೇಳಿದಳು. ಆದರೆ ಸತ್ತ ಮಗುವನ್ನು ಎತ್ತಿಕೊಂಡು ನಿಂತ ಅವನನ್ನು ರಸ್ತೆಯಲ್ಲಿ ಕಂಡವರಿಗೆ ಟೆಂಟಿನ ಪರದೆ ನೆನಪಾಯಿತು. ಯಾವನೋ ಒಬ್ಬ "ತಗಡ" ಎಂದ. ವಾರದೊಳಗೆ ಮಾಯಿಲಪ್ಪನ ಹೆಸರು ತಗಡ ಎಂದಾಯಿತು. ಮಕ್ಕಳು ಅವನನ್ನು ಕಂಡರೆ ಓಡುತ್ತಿದ್ದರು. ಅವನ ಹೆಂಡತಿ ಚೆನ್ನು ನೀರಿಗೆ ಬಂದರೆ ಬಾವಿಕಟ್ಟೆಯಲ್ಲಿ ಮಾತು ನಿಲ್ಲುತ್ತಿತ್ತು.

ಎಂಬತ್ತರಲ್ಲಿ ಎರಡನೇ ಭಾಗ ಬಂತು. ತಗಡ ನಿರಪರಾಧಿ ಎಂದು ಅದರಲ್ಲಿ ಇನ್ನೊಮ್ಮೆ ಹೇಳುತ್ತಾರಂತೆ. ರೈಗಳು ಪುಸ್ತಕ ತೆರೆದಿದ್ದರು, ನಾನೇ ನೋಡಿದ್ದೇನೆ. ಅಷ್ಟರಲ್ಲಿ ತಗಡ ಪರದೆಗೆ ಬಂದ, ಹಿಂದಿನ ಸಾಲಿನಿಂದ ಯಾರೋ "ಮಾಯಿಲಪ್ಪ ಬಂದ" ಎಂದು ಕೂಗಿದ, ಟೆಂಟು ಇಡೀ ನಕ್ಕಿತು. ರೈಗಳು ಆ ನಗುವಿನ ಜೊತೆ ಹೋದರು. "ಕೊಲೆಗಾರ ಪುನಃ ಬಂದ" ಎಂದರು. ನಾನೂ ನಕ್ಕೆ. ನನ್ನ ಪಕ್ಕದ ಬೆಂಚಿನಿಂದ ಚೆನ್ನು ಎದ್ದು, ನನ್ನದೇ ಗೇಟು ದಾಟಿ ಹೋದಳು. ನನಗೆ ಇವತ್ತಿಗೂ ಅದು ನಾಚಿಕೆ.

ಎಂಬತ್ತಮೂರರ ಜನವರಿಯಲ್ಲಿ ಮೂರನೇ ಭಾಗ ಬಂತು. ನಮ್ಮಲ್ಲಿಗಿಂತ ಮೊದಲು ಗೌಡರ ಕಡಬದ ಟೆಂಟಿನಲ್ಲಿ ಹಾಕಿದ್ದರು, ಅಲ್ಲಿ ಮೈಕು ಇರಲಿಲ್ಲ. ನಾಲ್ಕನೇ ರೀಲು ಇಡೀ ತಗಡ ಮತ್ತು ವಿಜ್ಞಾನಿ ಮೇಜಿನ ಆಚೆ ಈಚೆ ಕುಳಿತು ಮಾತಾಡುವುದು. ಜನ ರೊಚ್ಚಿಗೆದ್ದು ಹಗ್ಗ ಕೊಯ್ದು ಪರದೆ ಹರಿದಿದ್ದರು. ಇನ್ನೊಂದು ಗಲಾಟೆಯಾದರೆ ಟೆಂಟಿನ ಲೈಸೆನ್ಸ್ ಹೋಗುತ್ತದೆ ಎಂದು ಪೊಲೀಸರು ಎಚ್ಚರಿಸಿದ್ದರು.

ಸಂಜೆ ಆರಕ್ಕೆ, ಗೇಟು ತೆರೆಯುವ ಮೊದಲು, ಗೌಡರು ಹೇಳಿದರು: "ನಾಲ್ಕನೇ ರೀಲು ಬೇಡ. ಮೂರರಿಂದ ಸೀದಾ ಐದಕ್ಕೆ ಹೋಗುದು. ಐದರಲ್ಲಿ ಭರ್ತಿ ಪೆಟ್ಟು ಉಂಟು."

"ನಾಲ್ಕು ಬೇಕು" ಎಂದರು ರೈಗಳು.

"ಎಂತಕ್ಕೆ?"

"ಮಗುವನ್ನು ಕೊಂದದ್ದು ಅವನಲ್ಲ ಅಂತ ಅದರಲ್ಲಿ ಉಂಟು ಗೌಡ್ರೆ. ನಾನು ಎರಡು ಸಲ ಸುಳ್ಳು ಹೇಳಿದ್ದೇನೆ. ಈ ಸಲ ಹೇಳದಿದ್ದರೆ ಇನ್ನು ಹೇಳ್ಲಿಕ್ಕೆ ನಾಲ್ಕನೇ ಭಾಗ ಇಲ್ಲ."

ಗೌಡರು ಅಬ್ದುಲ್ ರಹ್ಮಾನನ ಕಡೆ ತಿರುಗಿ, "ನಾಲ್ಕು ಹಾಕು. ಜನ ಏಳ್ಲಿಕ್ಕೆ ಸುರು ಮಾಡಿದರೆ ಸೀದಾ ಐದಕ್ಕೆ ಹೋಗು" ಎಂದರು. ರೈಗಳಿಗೆ ಹೇಳಿದ್ದು ಇಷ್ಟೇ: "ಹಾಗೆ ಆದರೆ ನಾಳೆಯಿಂದ ಸ್ಟೂಲಿನಲ್ಲಿ ಬೇರೆಯವರು. ಪುತ್ತೂರಿನಲ್ಲಿ ಲಾಟರಿ ಕೂಗುವ ಮಹಾಗಣಪತಿ ಬರ್ತೇನೆ ಅಂದಿದ್ದಾನೆ."

ಜನ ತುಂಬಿತು. ಮೂರು ರೀಲು ಹೇಗೆ ಹೋಯಿತೋ ನನಗೆ ಗೊತ್ತಿಲ್ಲ. ಮೂರು ಮುಗಿದು ದೀಪ ಹತ್ತಿದಾಗ ನಾನು ಗೇಟು ಬಿಟ್ಟು ರೈಗಳ ಬಳಿ ಬಂದೆ. ಅವರ ಅಂಗಿಯ ಬೆನ್ನು ಒದ್ದೆಯಾಗಿತ್ತು. ನೀರು ಕೊಟ್ಟೆ, ಕುಡಿಯಲಿಲ್ಲ. ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಹಿಂದೆ, ಬಿದಿರಿನ ಕಂಬಕ್ಕೆ ಒರಗಿ, ತಲೆಗೆ ಮುಂಡಾಸು ಸುತ್ತಿ ಮುಖ ಅರ್ಧ ಮುಚ್ಚಿಕೊಂಡ ಒಬ್ಬ ನಿಂತಿದ್ದ. ಕಂಬ ಹಿಡಿದ ಕೈಯಲ್ಲಿ ಮೂರೇ ಬೆರಳು. ರೈಗಳೂ ಅವನನ್ನು ನೋಡಿದರು.

ನಾಲ್ಕನೇ ರೀಲು ಸುರುವಾಯಿತು. ಮೇಜು, ಎರಡು ಕುರ್ಚಿ, ತಗಡ, ವಿಜ್ಞಾನಿ. ಒಂದು ನಿಮಿಷ ರೈಗಳು ಬಾಯಿ ತೆರೆಯಲಿಲ್ಲ. ಕೆಮ್ಮು ಎದ್ದಿತು. ಎಡಗಡೆ ಇಬ್ಬರು ಎದ್ದು ನಿಂತರು. ನಾನು ತಿರುಗಿ ಅಬ್ದುಲ್ ರಹ್ಮಾನನ ಕಡೆ ಬೇಡ ಎಂದು ಕೈ ಆಡಿಸಿದೆ, ಅವನಿಗೆ ಕಂಡಿತೋ ಇಲ್ಲವೋ.

ಆಗ ರೈಗಳು ಮಾತಾಡಿದರು. ಎಂದಿನಂತೆ ಅವನು ಹೀಗೆ ಹೇಳುತ್ತಾನೆ, ಇವನು ಹಾಗೆ ಹೇಳುತ್ತಾನೆ ಎನ್ನಲಿಲ್ಲ. ತಾಳಮದ್ದಳೆಯ ಕೂಟದಲ್ಲಿ ಕುಳಿತ ಹಾಗೆ ತಾವೇ ತಗಡನಾದರು.

"ನಾನು ತಗಡ. ಇಲ್ಲಿ ಕೂತವರಿಗೆಲ್ಲ ನನ್ನ ಗುರುತು ಉಂಟು. ಆರು ವರ್ಷದಿಂದ ನೀವು ನನ್ನನ್ನು ಕೊಲೆಗಾರ ಅಂತ ಕರೀತಾ ಇದ್ದೀರಿ. ನಾನು ಬೆಂಕಿಯ ಒಳಗೆ ಹೋದದ್ದನ್ನು ನೀವೇ ಕಣ್ಣಾರೆ ನೋಡಿದ್ದೀರಿ. ಕೊಲ್ಲುವವ ಬೆಂಕಿಯ ಒಳಗೆ ಯಾಕೆ ಹೋಗ್ತಾನೆ? ಹೊರಗೆ ನಿಂತರೆ ಸಾಕಿತ್ತಲ್ಲ?"

ಎದ್ದು ನಿಂತ ಇಬ್ಬರು ನಿಂತೇ ಇದ್ದರು, ಆದರೆ ನಡೆಯಲಿಲ್ಲ.

ರೈಗಳು ದನಿ ಬದಲಿಸಿ ವಿಜ್ಞಾನಿಯಾದರು: "ನೀನು ನಾನು ಮಾಡಿದ ವಸ್ತು. ಹೋಗು ಅಂತ ನಾನು ಹೇಳಲಿಲ್ಲ. ಹೇಳದೆ ನೀನು ಹೇಗೆ ಹೋದೆ?"

"ಅದನ್ನೇ ನಾನೂ ಯೋಚಿಸುದು. ಕಬ್ಬಿಣಕ್ಕೆ ಮಗು ಅಳುದು ಕೇಳಬಾರದು. ನನಗೆ ಕೇಳಿತು. ಕೇಳಿದ ಮೇಲೆ ಹೊರಗೆ ನಿಲ್ಲಲಿಕ್ಕೆ ಆಗಲಿಲ್ಲ. ಈಗ ಹೇಳಿ, ನಾನು ವಸ್ತುವಾ, ಅಲ್ಲ ಬೇರೆ ಎಂತವಾ?"

ಪರದೆಯ ಮೇಲೆ ತುಟಿಗಳು ಅಲುಗುತ್ತಿದ್ದವು. ಬೀಡಿಯ ಕೆಂಪು ಚುಕ್ಕಿಗಳು ಇದ್ದಲ್ಲೇ ಇದ್ದವು, ಯಾರೂ ದಮ್ಮು ಎಳೆಯುತ್ತಿರಲಿಲ್ಲ. ಮಧ್ಯದ ಸಾಲಿನಿಂದ ಒಬ್ಬ ಮುದುಕ ಕೇಳಿದ: "ಹಾಗಾದರೆ ನೀನು ಕೊಂದದ್ದು ಅಂತ ಹೇಳಿದ್ದು ಯಾರು?"

ಈ ಪ್ರಶ್ನೆ ಸಿನಿಮಾದಲ್ಲಿ ಇರಲಿಲ್ಲ. ರೈಗಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದರು.

"ಮೈಕಿನಲ್ಲಿ ಕೂತವ ಹೇಳಿದ್ದು. ಅವನಿಗೆ ನಿಮ್ಮ ಶಿಳ್ಳೆ ಬೇಕಿತ್ತು" ಎಂದರು ತಗಡನ ದನಿಯಲ್ಲಿ. ಆಮೇಲೆ ತಮ್ಮ ಸ್ವಂತ ದನಿಯಲ್ಲಿ, "ಹೌದು. ನಾನೇ ಹೇಳಿದ್ದು. ಸುಳ್ಳು" ಎಂದರು.

ಯಾರಾದರೂ ಕಲ್ಲು ಎಸೆಯುತ್ತಾರೆ ಎಂದು ನಾನು ತಲೆ ತಗ್ಗಿಸಿದೆ. ಕಲ್ಲು ಬರಲಿಲ್ಲ. ಎದ್ದು ನಿಂತವರು ಕುಳಿತರು. ಐದನೇ ರೀಲು ಬಂತು, ಆರು ವರ್ಷದಿಂದ ಜನ ಕಾಯುತ್ತಿದ್ದ ದೊಡ್ಡ ಹೊಡೆದಾಟ ಬಂತು. ಮಿಲಿಟರಿಯವರು ತಗಡನನ್ನು ಸುತ್ತುಗಟ್ಟಿ ಹೊಡೆದರು. ಮೊದಲ ಭಾಗದಲ್ಲಿ ಇಂಥದೇ ಪೆಟ್ಟಿಗೆ ಟೆಂಟು ಹಾರುವಷ್ಟು ಶಿಳ್ಳೆ ಬಿದ್ದಿತ್ತು. ಈಗ ಒಂದೊಂದು ಪೆಟ್ಟಿಗೂ ಹೆಂಗಸರ ಕಡೆಯಿಂದ "ಅಯ್ಯೋ" ಎಂಬ ದನಿ ಬರುತ್ತಿತ್ತು. ರೈಗಳು ಆ ರೀಲಿಗೆ ಒಂದು ಮಾತೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ದೀಪ ಹತ್ತುವಾಗ ಕಂಬದ ಬಳಿ ನಿಂತಿದ್ದವನು ಹೋಗಿದ್ದ.

ಗೌಡರು ರೈಗಳ ಬೆನ್ನು ತಟ್ಟಿದರು, ಸ್ಟೂಲು ನಿಮ್ಮದೇ ಎಂದರು. ನಾನು ಇಷ್ಟಕ್ಕೇ ಹಿಗ್ಗಿಹೋದೆ. ಎಲ್ಲ ಸರಿಯಾಯಿತು ಎಂದುಕೊಂಡೆ. ನನ್ನಷ್ಟು ದಡ್ಡಿ ಇಲ್ಲ.

ಮರುದಿನ ಬೆಳಿಗ್ಗೆ ಅಕ್ಕಿ ಮಾಡಿಸಲು ಮಿಲ್ಲಿಗೆ ಹೋದರೆ ರೈಗಳು ನನಗಿಂತ ಮೊದಲೇ ಅಲ್ಲಿದ್ದರು. ಮಾಯಿಲಪ್ಪ ಎಂಜಿನಿಗೆ ಎಣ್ಣೆ ಹಾಕುತ್ತಿದ್ದ. ತಲೆ ಎತ್ತದೆ ಕೇಳಿದ: "ಅವ ಕೊಂದದ್ದಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಎರಡನೇ ಸಲ ಹೇಳುವಾಗಲೂ?"

"ಗೊತ್ತಿತ್ತು ಮಾಯಿಲಪ್ಪ."

"ನನ್ನದು?"

"ನಿನ್ನದೂ ಗೊತ್ತಿತ್ತು."

ಮಾಯಿಲಪ್ಪ ಎಣ್ಣೆಯ ಡಬ್ಬಿ ಕೆಳಗಿಟ್ಟು, ಕೈಯನ್ನು ಬಟ್ಟೆಗೆ ಒರೆಸಿಕೊಂಡ. "ನಿನ್ನೆ ನೀವು ತಗಡನ ಪರವಾಗಿ ಚೆಂದ ಮಾತಾಡಿದಿರಿ. ನನ್ನ ಹೆಸರು ಒಂದು ಸಲವೂ ಬರಲಿಲ್ಲ" ಎಂದ. ಮತ್ತೆ ಎಂಜಿನು ಸುರು ಮಾಡಿದ. ಆ ಸದ್ದಿನಲ್ಲಿ ಇನ್ನು ಮಾತು ಸಾಧ್ಯವಿರಲಿಲ್ಲ.

ಆ ಸಂಜೆ ರೈಗಳು ಬೇಗ ಬಂದು, ಟೆಂಟಿನ ಹೊರಗಿನ ಹಾರನ್ ಸ್ಪೀಕರನ್ನು ಮಿಲ್ಲಿನ ಕಡೆಗೆ ತಿರುಗಿಸಲು ಅಬ್ದುಲ್ ರಹ್ಮಾನನಿಗೆ ಹೇಳಿದರು. ಕೊಯ್ಲಿನ ಕಾಲ, ಮಿಲ್ಲು ಏಳು ಗಂಟೆಯಾದರೂ ಓಡುತ್ತಿತ್ತು. ಜನ ಕುಳಿತ ಮೇಲೆ, ದೀಪ ಆರಿಸುವ ಮೊದಲು, ಎಲ್ಲರ ಮುಖ ಎಲ್ಲರಿಗೆ ಕಾಣುವಾಗ, ರೈಗಳು ಸ್ಟೂಲು ಬಿಟ್ಟು ಎದ್ದು ನಿಂತರು.

"ನಾನು ತ್ಯಾಂಪಣ್ಣ. ಇದು ಸಿನಿಮಾದ ಮಾತಲ್ಲ. ಅಮ್ಮುವಿನ ಮಗಳನ್ನು ಬದುಕಿಸಲಿಕ್ಕೆ ಮಿಲ್ಲಿನ ಮಾಯಿಲಪ್ಪ ಓಡುವ ಬೆಲ್ಟಿಗೆ ಕೈ ಹಾಕಿದ. ಎರಡು ಬೆರಳು ಕೊಟ್ಟ. ಅವನಿಗೆ ಆ ಹೆಸರು ಬಂದದ್ದು ನನ್ನ ಬಾಯಿಯಿಂದ. ಎರಡನೇ ಸಲ ನಾನು ಅವನ ಸಂಗತಿ ಗೊತ್ತಿದ್ದೇ ಹೇಳಿದ್ದು."

ಜನ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಮಿಲ್ಲಿನ ಎಂಜಿನಿನ ಸದ್ದು ಗದ್ದೆ ದಾಟಿ ಕೇಳುತ್ತಲೇ ಇತ್ತು. ಆಮೇಲೆ ಅದು ನಿಂತಿತು.

ರೈಗಳು ಮಿಲ್ಲಿನ ಕಡೆ ತಿರುಗಿ ಅಷ್ಟನ್ನೂ ಮೊದಲಿನಿಂದ ಇನ್ನೊಮ್ಮೆ ಹೇಳಿದರು.