ಆಚೆ ದಿಬ್ಬದ ಕೊಡೆ

ಟೈಲರಕ್ಕನ ನಾಲಿಗೆ ಅವಳ ಕತ್ತರಿಗಿಂತ ಹರಿತ ಎಂದು ಊರಿನವರು ಹೇಳುವುದುಂಟು. ಹೇಳುವುದು ಅವಳ ಅಂಗಡಿಯ ಮೆಟ್ಟಿಲಿಳಿದು ಬೀದಿಯ ತಿರುವು ದಾಟಿದ ಮೇಲೆ. ಎದುರಿಗೆ ಹೇಳುವ ಗಂಡೆದೆ ಯಾರಿಗೂ ಇಲ್ಲ. ಪ್ಯಾಂಟಿನ ಸೊಂಟ ಬಿಗಿ ಎಂದು ದೂರು ತಂದವರಿಗೆ, "ಪ್ಯಾಂಟು ಸರಿಯಾಗೇ ಇದೆ, ನಿಮ್ಮ ಸೊಂಟ ತಪ್ಪಾಗಿದೆ" ಎಂದು ಮುಖಕ್ಕೆ ಹೇಳಿ, ಆಮೇಲೆ ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಡುವ ಹೆಂಗಸು ಅವಳು. ಬೈಗುಳ ಬಿಟ್ಟಿ, ಕೆಲಸ ಅಚ್ಚುಕಟ್ಟು. ಹಾಗಾಗಿ ಬೈಸಿಕೊಂಡವರೇ ಮತ್ತೆ ಬರುತ್ತಾರೆ.

ಭಾನುವಾರ ಬೆಳಿಗ್ಗೆ ಮಾತ್ರ ಅವಳು ಬೇರೆಯೇ ಮನುಷ್ಯಳು. ಮಷೀನಿಗೆ ಹೊದಿಕೆ ಹಾಕಿ, ಕೆಂಪು ಶಾಲು ಹೊದ್ದು, ಹಿತ್ತಲ ಬಾಗಿಲಿನಿಂದ ಹೊರಟು ಊರ ಹಿಂದಿನ ಗುಡ್ಡ ಹತ್ತುವಳು. ಒಂದು ಭಾನುವಾರ ಹೋಗುವಾಗ ಅವಳ ಮುಂದೆ ಎರಡು ನಾಯಿಗಳಿರುತ್ತವೆ, ಬರುವಾಗ ಒಬ್ಬಳೇ. ಮುಂದಿನ ಭಾನುವಾರ ಹೋಗುವಾಗ ಒಬ್ಬಳೇ, ಬರುವಾಗ ನಾಯಿಗಳು. ಹೊಸಬರಿಗೆ ಇದೇನು ಹುಚ್ಚು ಎನ್ನಿಸಬೇಕು. ಹುಚ್ಚೇ ಸರಿ, ಆದರೆ ಅದಕ್ಕೊಂದು ಲೆಕ್ಕಾಚಾರವಿತ್ತು.

ನಾಯಿಗಳು ಅವಳ ಅಪ್ಪನವು. ಅಪ್ಪ ಗಡಿಯಾರ ರಿಪೇರಿಯವನು. ಕುಳ್ಳಗೆ ತೆಳ್ಳಗೆ ಸದಾ ಓಡುತ್ತಲೇ ಇದ್ದ ಹೆಣ್ಣು ನಾಯಿಗೆ ದೊಡ್ಡಮುಳ್ಳು ಎಂದೂ, ಗುಡಾಣದಂತಿದ್ದು ತೂಕಡಿಸುತ್ತ ನಡೆಯುವ ಗಂಡು ನಾಯಿಗೆ ಚಿಕ್ಕಮುಳ್ಳು ಎಂದೂ ಹೆಸರಿಟ್ಟಿದ್ದ. ಕೇಳಿದವರಿಗೆ, "ಗಡಿಯಾರದಲ್ಲಿ ಓಡೋದು ಯಾವುದು, ತೆವಳೋದು ಯಾವುದು, ನೋಡ್ಕೊಂಡು ಬಂದು ಮಾತಾಡಿ" ಎನ್ನುತ್ತಿದ್ದ. ಮಗಳ ನಾಲಿಗೆ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ಆ ನಾಲಿಗೆಯೇ ಎಲ್ಲವನ್ನೂ ಕೆಡಿಸಿತು. ಅಪ್ಪ ಹಾಸಿಗೆ ಹಿಡಿದಾಗ ನೋಡಿಕೊಂಡವಳು ಅವಳು. ತಮ್ಮ ಗುಡ್ಡದಾಚೆಯ ಊರಿನಲ್ಲಿ ಬೇಕರಿ ಇಟ್ಟುಕೊಂಡಿದ್ದ. ಬರುತ್ತೇನೆ ಬರುತ್ತೇನೆ ಎಂದು ಹೇಳಿ ಕಳಿಸುತ್ತಿದ್ದವನು ಬಂದದ್ದು ಅಪ್ಪನ ಉಸಿರು ನಿಂತ ಮೇಲೆ, ಅಂಗಿಯ ತೋಳಿನಲ್ಲಿ ಮೈದಾ ಹಿಟ್ಟು ಮೆತ್ತಿಕೊಂಡು. ನೆಂಟರಿಷ್ಟರೆಲ್ಲ ನಿಂತಿರುವಾಗ ಅವಳು, "ಬಾಪ್ಪಾ, ಬ್ರೆಡ್ ಬೆಂತಾ?" ಎಂದಳು. ಅಷ್ಟೇ. ತಮ್ಮನ ಮುಖ ಸುಟ್ಟಂತಾಯಿತು. "ಇನ್ನು ನಿನ್ನ ಹೊಸಿಲು ತುಳಿಯಲ್ಲ ಅಕ್ಕ" ಎಂದ. "ತುಳೀಬೇಡ, ನಾನೇನು ಕರೆದ್ನಾ" ಎಂದಳು. ಆಡಿದ ಮಾತು ಇಬ್ಬರಿಗೂ ಮರುದಿನವೇ ಬೇಡವಾಗಿತ್ತು. ಆದರೆ ಮೊದಲು ಯಾರು ಬಾಯಿ ಬಿಡಬೇಕು? ಆ ಮನೆತನದಲ್ಲಿ ಸೋಲುವ ಅಭ್ಯಾಸ ಯಾರಿಗೂ ಇರಲಿಲ್ಲ.

ಪಾತ್ರೆಪಗಡಿ ಹಂಚಿಕೆಯಾಯಿತು. ನಾಯಿ ಹಂಚುವುದು ಹೇಗೆ? ಬೇರೆ ಮಾಡಿದರೆ ಎರಡೂ ಊಟ ಬಿಡುತ್ತವೆ. ಕೊನೆಗೆ ಸೋದರಮಾವ ತೀರ್ಪು ಕೊಟ್ಟ: ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ. ಒಬ್ಬರ ಮನೆಗೆ ಇನ್ನೊಬ್ಬರು ಹೋಗುವಂತಿಲ್ಲವಾದ್ದರಿಂದ ಹಸ್ತಾಂತರ ಗುಡ್ಡದ ಮೇಲೆ. ಅಲ್ಲಿ ಎರಡು ದಿಬ್ಬಗಳಿವೆ, ನಡುವೆ ಹುಲ್ಲಿನ ತಗ್ಗು. ಈಚೆ ದಿಬ್ಬದಲ್ಲಿ ಅಕ್ಕ, ಆಚೆ ದಿಬ್ಬದಲ್ಲಿ ತಮ್ಮ. ಒಬ್ಬರು ಹಗ್ಗ ಬಿಚ್ಚುವುದು, ಇನ್ನೊಬ್ಬರು ಸಿಳ್ಳೆ ಹಾಕಿ ಕರೆಯುವುದು, ನಾಯಿಗಳು ತಲುಪಿದ ಮೇಲೆ ಮತ್ತೊಂದು ಸಿಳ್ಳೆ. ಆಮೇಲೆ ಅವರವರ ದಾರಿ ಅವರವರಿಗೆ.

ಹೀಗೆ ವರ್ಷಗಳು ಕಳೆದವು. ಆಚೆಯ ದಿಬ್ಬದಲ್ಲಿ ಹೆಬ್ಬೆರಳಿನಷ್ಟು ಕಾಣುವ ತಮ್ಮನನ್ನು ನೋಡುವುದೇ ಟೈಲರಕ್ಕನ ವಾರದ ಜೀವ. ಬಿಸಿಲಿದ್ದ ದಿನ ಅವನ ತಲೆ ಹಣ್ಣಾಗುತ್ತಿರುವುದು ಕಾಣುತ್ತಿತ್ತು. ಗಾಳಿಯಿದ್ದ ದಿನ ಅಂಗಿ ಹೊಟ್ಟೆಗೆ ಅಂಟಿ, ಎಷ್ಟು ದಪ್ಪಗಾದ ಎಂದು ಗೊತ್ತಾಗುತ್ತಿತ್ತು. ಟೈಲರ್ ಕಣ್ಣಲ್ಲವೇ, ಅಷ್ಟು ದೂರದಿಂದಲೇ ಅಳತೆ ತೆಗೆಯುತ್ತಿದ್ದಳು. ಮನೆಗೆ ಬಂದ ನಾಯಿಗಳ ಕುತ್ತಿಗೆಗೆ ಮೂಗಿಟ್ಟರೆ ಬೆಣ್ಣೆ ಬಿಸ್ಕತ್ತಿನ ವಾಸನೆ. ಚಳಿಗೆಂದು ಅವಳು ಹೊಲಿದು ತೊಡಿಸಿದ ನಾಯಿ ಕೋಟುಗಳು ಒಗೆದು ಇಸ್ತ್ರಿಯಾಗಿ ಬರುತ್ತಿದ್ದವು. ನಾಯಿಯ ಕೋಟಿಗೆ ಇಸ್ತ್ರಿ ಹಾಕುವವನಿಗೆ ಅಕ್ಕಾ ಎಂದು ಒಂದು ಮಾತು ಕೂಗಲು ಏನು ರೋಗ? ಅವಳು ಪ್ರತಿ ವಾರ ಕಾಯುತ್ತಿದ್ದಳು. ಅವನು ಒಮ್ಮೆ ಕೂಗಿದರೆ ಸಾಕು, ಸೆರಗು ಸಿಕ್ಕಿಸಿಕೊಂಡು ತಗ್ಗಿಗೆ ಇಳಿದುಬಿಡುತ್ತಿದ್ದಳು. ಅವಳಾಗಿಯೇ ಕೂಗಬಹುದಿತ್ತಲ್ಲ ಎನ್ನುತ್ತೀರಾ? ಬಾಯಿ ತೆರೆದದ್ದುಂಟು. ಗಾಳಿ ಒಳಗೆ ಹೋಗುತ್ತಿತ್ತು, ಮಾತು ಹೊರಗೆ ಬರುತ್ತಿರಲಿಲ್ಲ.

ಈಚೆಗೆ ತಮ್ಮನಲ್ಲಿ ಬದಲಾವಣೆ ಕಂಡಿತ್ತು. ಮಳೆಯಲ್ಲೂ ಬರಿತಲೆಯಲ್ಲಿ ನಿಲ್ಲುತ್ತಿದ್ದ ಭಂಡ ಈಗ ಬಿಸಿಲಲ್ಲೂ ದೊಡ್ಡ ಕರಿ ಕೊಡೆ ಹಿಡಿದು ಬರುತ್ತಿದ್ದ. ಅಂತೂ ಬುದ್ಧಿ ಬಂತು ಎಂದುಕೊಂಡಳು. ಬೆರಳಿಟ್ಟು ಹಾಕುತ್ತಿದ್ದ ಸಿಳ್ಳೆಯ ಬದಲು ಪೀಪಿಯಂಥ ಪ್ಲಾಸ್ಟಿಕ್ ಸೀಟಿ. ಸಿಹಿ ತಿಂದೂ ತಿಂದೂ ಹಲ್ಲು ಉದುರಿರಬೇಕು, ಅನುಭವಿಸಲಿ. ನಾಯಿಗಳ ಮೈಯಲ್ಲಿ ಬೆಣ್ಣೆಯ ವಾಸನೆ ಹೋಗಿ ನೋವಿನೆಣ್ಣೆಯ ವಾಸನೆ. ಮೊಣಕಾಲು ಹಿಡಿದಿರಬೇಕು ಪಾಪ, ಎಂದು ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ. ಎಲ್ಲಕ್ಕೂ ಅವಳ ಬಳಿ ಉತ್ತರವಿತ್ತು. ಕೇಳಿ ತಿಳಿದುಕೊಳ್ಳಲು ಮಾತ್ರ ಯಾರೂ ಇರಲಿಲ್ಲ, ಏಕೆಂದರೆ ತಮ್ಮನ ಸುದ್ದಿ ಅಂಗಡಿಯಲ್ಲಿ ಎತ್ತಕೂಡದೆಂದು ಅವಳೇ ಕಟ್ಟಪ್ಪಣೆ ಮಾಡಿದ್ದಳು. ಒಮ್ಮೆ ಹಾಲಿನ ವ್ಯಾನಿನವನು ಬಂದು, "ಅಕ್ಕ, ಆಚೆ ಊರಲ್ಲಿ ನಿಮ್ಮ ತಮ್ಮ..." ಎಂದು ಶುರು ಮಾಡಿದ. "ಕೈ ನೀಡು, ತೋಳಿನ ಅಳತೆ ತಗೋಬೇಕು" ಎಂದು ಟೇಪು ಎಳೆದಳು. ಅವನು ಹೆದರಿ ಕೈ ನೀಡಿದ. ಹೇಳಲು ಬಂದವನು ಹೊಸ ಶರ್ಟಿಗೆ ಅಳತೆ ಕೊಟ್ಟು ಹೋದ.

ಆ ಭಾನುವಾರ ನಾಯಿಗಳನ್ನು ಕಳಿಸುವ ಸರದಿ ಅವಳದು. ಹೊರಡುವಾಗ ಬಿಸಿಲು, ಅರ್ಧ ಹತ್ತುವಷ್ಟರಲ್ಲಿ ತುಂತುರು, ಮೇಲೆ ತಲುಪಿದಾಗ ಮತ್ತೆ ಬಿಸಿಲು. ಚಿಕ್ಕಮುಳ್ಳು ಮುದಿಯಾಗಿದ್ದ, ನಾಲ್ಕು ಹೆಜ್ಜೆಗೊಮ್ಮೆ ಕೂತು ಅವಳ ಮುಖ ನೋಡುತ್ತಿದ್ದ. "ನಡಿಯೋ ದಡಿಯಾ, ನಂಗೇನು ಹದಿನೆಂಟಾ?" ಎನ್ನುತ್ತ ಅವನನ್ನು ತಳ್ಳಿಕೊಂಡೇ ಹತ್ತಿದಳು. ಈ ನಾಯಿಗಳು ಹೋದ ಮೇಲೆ ಗುಡ್ಡ ಹತ್ತಲು ಯಾವ ನೆಪ? ತಮ್ಮನನ್ನು ಮತ್ತೆ ನೋಡುವುದು ಯಾವ ಕಾರಣಕ್ಕೆ?

ಆಚೆ ಕೊಡೆ ಕಂಡಿತು. ಸೀಟಿ ಕೇಳಿತು. ಹಗ್ಗ ಬಿಚ್ಚಿದಳು. ನಾಯಿಗಳು ತಗ್ಗಿಗಿಳಿದವು. ಅಷ್ಟರಲ್ಲಿ ಎಲ್ಲಿತ್ತೋ, ಮಂಜು ಪಕ್ಕದ ಕಣಿವೆಯಿಂದ ನುಗ್ಗಿ ಬಂದು ತಗ್ಗನ್ನೂ ಆಚೆಯ ದಿಬ್ಬವನ್ನೂ ನುಂಗಿತು. ಅವಳು ಎರಡನೆಯ ಸೀಟಿಗೆ ಕಾದಳು. ಬರಲಿಲ್ಲ. ಕೈ ಮರಗಟ್ಟುವವರೆಗೆ ಕಾದಳು. ಕೊನೆಗೆ ಸೀಟಿ ಬಂತು, ಆದರೆ ಅದು ಕರೆಯುವ ಸೀಟಿ. ಒಂದರ ಹಿಂದೊಂದು, ಗಾಬರಿಯದು. ನಾಯಿಗಳು ಅಲ್ಲಿಗೂ ತಲುಪಿಲ್ಲ ಎಂದು ಆಗ ಹೊಳೆಯಿತು. ಶಾಲು ಬಿಗಿದುಕೊಂಡು, ಇಷ್ಟು ವರ್ಷ ಕಾಲಿಡದಿದ್ದ ತಗ್ಗಿಗೆ ಇಳಿದಳು.

ಒದ್ದೆ ಹುಲ್ಲಿನಲ್ಲಿ ಜಾರುತ್ತ, ನಾಯಿಗಳ ಹೆಸರು ಕೂಗುತ್ತ ನಡೆದಳು. ಎಲ್ಲೋ ಮುಂದೆ ದೊಡ್ಡಮುಳ್ಳು ಬೊಗಳಿದಳು. ಅದರ ಹಿಂದೆಯೇ ಮಂಜಿನೊಳಗಿಂದ ಒಂದು ಧ್ವನಿ: "ಅಕ್ಕಾ..."

ಟೈಲರಕ್ಕ ಸೆರಗು ಸಿಕ್ಕಿಸಿಕೊಂಡು ದನಿ ಬಂದತ್ತ ಓಡಿದಳು. ಆದರೆ ಅದು ಹೆಂಗಸಿನ ದನಿ.

ಚಿಕ್ಕಮುಳ್ಳು ಹುಲ್ಲಿನಲ್ಲಿ ಮಲಗಿಬಿಟ್ಟಿದ್ದ. ಇನ್ನು ಒಂದಡಿಯೂ ಇಡೆನೆಂಬ ಹಟ. ಅವನ ಪಕ್ಕದಲ್ಲಿ ಕರಿ ಕೊಡೆ ಬಿದ್ದಿತ್ತು. ತಮ್ಮನ ಕಂದು ಕೋಟು ತೊಟ್ಟು ಕುಕ್ಕರಗಾಲಲ್ಲಿ ಕೂತಿದ್ದವಳು ತಮ್ಮನ ಹೆಂಡತಿ.

"ಅವನೆಲ್ಲಿ?"

"ಮನೇಲಿದಾರೆ ಅಕ್ಕ."

"ಇವತ್ತು ನಿನ್ನ ಕಳಿಸಿದ್ನಾ? ಕಾಲು ನೋವಂತಾ?"

"ಇವತ್ತಲ್ಲ ಅಕ್ಕ. ಹೋದ ಚಳಿಗಾಲದಿಂದ ನಾನೇ ಬರ್ತಿರೋದು." ಅವಳು ತಲೆ ಎತ್ತಲಿಲ್ಲ. "ಪಾರ್ಶ್ವವಾಯು ಆಯ್ತು. ಬಲಗೈ, ಬಲಗಾಲು ಹೋಯ್ತು. ಬಾಯಿ ಸೊಟ್ಟಗಾಗಿದೆ. ಬೇಕರಿ ಮುಚ್ಚಿದೀವಿ."

ಟೈಲರಕ್ಕ ಆ ಕಂದು ಕೋಟನ್ನು ನೋಡಿದಳು. ಇಷ್ಟು ಭಾನುವಾರ ಅವಳು ಕಣ್ತುಂಬ ನೋಡಿದ್ದು ಒಂದು ಖಾಲಿ ಕೋಟನ್ನು. ಮನಸ್ಸಿನಲ್ಲೇ ಬೈದದ್ದು, ಮುದ್ದಿಸಿದ್ದು, ಬುದ್ಧಿ ಬಂತೆಂದು ಹೆಮ್ಮೆಪಟ್ಟದ್ದು ಎಲ್ಲ ಕೊಡೆಯ ಮರೆಯಲ್ಲಿ ನಡುಗುತ್ತಿದ್ದ ಈ ಹೆಣ್ಣುಮಗಳನ್ನು ನೋಡಿ. ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಅವಳಿಗೆ ಯಾವಾಗಲೂ ಮೊದಲು ಬರುವುದು ಅದೇ.

"ನನಗೊಂದು ಮಾತು ಹೇಳಿ ಕಳಿಸೋಕಾಗ್ಲಿಲ್ವಾ?"

"ಕಳಿಸಿದ್ದೆ ಅಕ್ಕ, ಹಾಲಿನ ವ್ಯಾನಿನವನ ಕೈಲಿ. ನೀವು ಅವನಿಗೆ ಶರ್ಟು ಹೊಲಿದು ಕಳಿಸಿದ್ರಿ."

ಟೈಲರಕ್ಕ ಬಗ್ಗಿ, ಬಿದ್ದಿದ್ದ ಕೊಡೆ ಎತ್ತಿ ಮಡಚಿ ಕಂಕುಳಿಗೆ ಸಿಕ್ಕಿಸಿದಳು.

"ಹೇಳೋದು ಬೇಡ ಅಂತ ಆಮೇಲೆ ಅವರೇ ಅಂದ್ರು," ತಮ್ಮನ ಹೆಂಡತಿ ಮುಂದುವರಿಸಿದಳು. "ಯಾರೂ ಹೋಗ್ದಿದ್ರೆ ಅಕ್ಕ ಅಲ್ಲೇ ನಿಂತಿರ್ತಾಳೆ, ನನ್ನ ಕೋಟು ಹಾಕ್ಕೊಂಡು ನೀನು ಹೋಗು ಅಂದ್ರು. ವಾಪಸ್ ಹೋದ ಕೂಡ್ಲೇ ಕೇಳೋದು ಒಂದೇ, ಅಕ್ಕ ಹೇಗಿದ್ಳು ಅಂತ. ನಂಗೆ ದೂರದ್ದು ಸರಿಯಾಗಿ ಕಾಣಲ್ಲ. ಕೆಂಪಗೆ ಏನೋ ಕಾಣತ್ತೆ ಅಷ್ಟೆ. ಚೆನ್ನಾಗಿದಾರೆ ಅಂತೀನಿ."

ಟೈಲರಕ್ಕ ಶಾಲು ತೆಗೆದು ಹುಲ್ಲಿನ ಮೇಲೆ ಹಾಸಿದಳು. ಚಿಕ್ಕಮುಳ್ಳನ್ನು ಅದರ ಮೇಲೆ ಉರುಳಿಸಿ, "ಆ ಕಡೆ ಹಿಡ್ಕೊ, ಗಂಟು ಬಿಗಿಯಾಗಿರ್ಲಿ" ಎಂದಳು. ಇಬ್ಬರೂ ಎರಡು ತುದಿ ಹಿಡಿದು ಎತ್ತಿದರು. ಯಾವ ದಿಬ್ಬದ ಕಡೆಗೆ ಎಂದು ತಮ್ಮನ ಹೆಂಡತಿ ಕೇಳಲಿಲ್ಲ. ಟೈಲರಕ್ಕ ಆಗಲೇ ಆಚೆಯ ದಿಬ್ಬದತ್ತ ತಿರುಗಿದ್ದಳು.

ಇಳಿದು ಊರು ಸೇರುವಾಗ ಮಂಜು ಹೋಗಿ ಮಳೆ ಹಿಡಿದಿತ್ತು. ಬೇಕರಿಯ ಷಟರ್ ಎಳೆದಿತ್ತು. ಒಳಗೆ ಒಲೆ ತಣ್ಣಗೆ, ಖಾಲಿ ಟ್ರೇಗಳು ಒಂದರ ಮೇಲೊಂದು. ಹಿಂದಿನ ಕೋಣೆಯಲ್ಲಿ ಮಂಚ, ಕಿಟಕಿಗೆ ತಾಗಿಸಿ ಇಟ್ಟ ತೋಳಿನ ಕುರ್ಚಿ, ಕೈಗೆಟುಕುವಂತೆ ನೋವಿನೆಣ್ಣೆಯ ಸೀಸೆ. ಕುರ್ಚಿಯಲ್ಲಿ ತಮ್ಮ. ಅವನು ದಪ್ಪಗಾಗಿರಲಿಲ್ಲ. ಕಾಲರಿನೊಳಗೆ ಕುತ್ತಿಗೆ ಓಲಾಡುತ್ತಿತ್ತು. ಅವನಿಗೆ ಯಾವ ಅಂಗಿಯೂ ಈಗ ಸರಿಹೋಗದು ಎಂದು ಅವಳ ಕಣ್ಣಿಗೆ ಹೊಸಿಲಿನಿಂದಲೇ ತಿಳಿಯಿತು.

ಅವನು ಅವಳನ್ನು ನೋಡಿದ. ಎಡಗೈಯಿಂದ ಕುರ್ಚಿಯ ತೋಳು ಹಿಡಿದು ಏಳಲು ನೋಡಿ, ಆಗದೆ, ಬಾಯಿ ತೆರೆದ. ಒಂದು ಮಾತು ಬಂತು, ಅದರ ಹಿಂದೆ ಇನ್ನೊಂದು, ಆಮೇಲೆ ತಡೆಯಿಲ್ಲದೆ ಬಹಳ ಹೊತ್ತು. ತುಟಿಯ ಒಂದು ಬದಿಯಿಂದ ಮಾತ್ರ ಹೊರಬರುತ್ತಿದ್ದ ಅದು ನೀರಿನಲ್ಲಿ ಆಡಿದ ಮಾತಿನಂತೆ ಕಲಸಿಹೋಗಿತ್ತು. ವರ್ಷಗಟ್ಟಲೆ ಗುಡ್ಡದ ಮೇಲೆ ನಿಂತು ಅವಳು ಕಾದದ್ದು ಇದಕ್ಕೇ. ಈಗ ಕಣ್ಣೆದುರಿಗೇ ಅವನು ಆಡುತ್ತಿದ್ದಾನೆ, ಅವಳಿಗೆ ಒಂದಕ್ಷರವೂ ತಿಳಿಯುತ್ತಿಲ್ಲ.

ತಮ್ಮನ ಹೆಂಡತಿಗೆ ಅಭ್ಯಾಸವಾಗಿತ್ತು. ಒದ್ದೆ ಕೋಟು ಕಳಚುತ್ತ, "ಅವರು ಏನಂತಿದಾರೆ ಅಂದ್ರೆ ಅಕ್ಕ..." ಎಂದು ಶುರು ಮಾಡಿದಳು.

ಟೈಲರಕ್ಕ ಕೈಯೆತ್ತಿ ತಡೆದಳು. ಮಂಚದ ಕೆಳಗಿದ್ದ ಮಣೆ ಎಳೆದುಕೊಂಡು ತಮ್ಮನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಅವನ ಸೊಟ್ಟ ತುಟಿಯಿಂದ ಕಣ್ಣು ಕೀಳಲಿಲ್ಲ.

"ನೀನು ಹೇಳ್ಬೇಡ, ಅವನೇ ಹೇಳ್ಲಿ," ಎಂದಳು. "ಇನ್ನೊಂದ್ಸಲ ಹೇಳೋ. ನಿಧಾನಕ್ಕೆ ಹೇಳು. ನಾನೆಲ್ಲೂ ಹೋಗಲ್ಲ."